ಬೈಲಹೊಂಗಲದ ಸೆರೆ ಮತ್ತು ಸರ್ಕಾರದ ದಫ್ತರ

ಕಿತ್ತೂರಿನ ಮೊದಲ ಯುದ್ಧಕ್ಕೆ 2024ರ ಅಕ್ಟೋಬರ್ 23ರಂದು ಇನ್ನೂರು ವರ್ಷ ತುಂಬಿತು. ಉತ್ಸವ ನಡೆಯಿತು, ಮೆರವಣಿಗೆ ಹೊರಟಿತು, ಭಾಷಣಗಳಾದವು. ಥ್ಯಾಕರೆ ಕುದುರೆಯಿಂದ ಉರುಳಿದ್ದನ್ನು ನಾವು ಮತ್ತೊಮ್ಮೆ ಕೇಳಿದೆವು. ರಾಯಣ್ಣನನ್ನು ಹಿಡಿದುಕೊಟ್ಟವರನ್ನು ಮತ್ತೊಮ್ಮೆ ಶಪಿಸಿದೆವು. ಕಿತ್ತೂರಿನ ಬಗ್ಗೆ ಕನ್ನಡದಲ್ಲಿ ಬಂದ ನಾಟಕ, ಸಿನಿಮಾ, ಪಠ್ಯಪುಸ್ತಕದ ಪಾಠ ಎಲ್ಲವೂ ಹೆಚ್ಚುಕಡಿಮೆ ಈ ಎರಡು ಬಿಂದುಗಳ ನಡುವೆಯೇ ಓಡಾಡುತ್ತವೆ. ಒಂದು ಕಡೆ ಶೌರ್ಯ, ಇನ್ನೊಂದು ಕಡೆ ದ್ರೋಹ. ಈ ಎರಡರ ನಡುವೆ ಬಹಳ ಜನ ಬಹಳ ದಿನ ಸೆರೆಯಲ್ಲಿ ಕೂತಿದ್ದರು ಎಂಬುದು ನಮ್ಮ ಕಥನಗಳಿಗೆ ಅಷ್ಟಾಗಿ ಬೇಕಾಗಿಲ್ಲ.

ಹಾಗೆ ನೋಡಿದರೆ, ಯುದ್ಧಕಾಲದ ಸೆರೆಯಾಳುಗಳನ್ನು ಪ್ರಭುತ್ವಗಳು ಹೇಗೆ ನಡೆಸಿಕೊಳ್ಳುತ್ತವೆ, ನಡೆಸಿಕೊಂಡದ್ದನ್ನು ಹೇಗೆ ಬರೆದಿಡುತ್ತವೆ ಎಂದು ತಿಳಿಯಲು ಕಿತ್ತೂರು ಸೀಮೆಗಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿ ಸಿಗಲಾರದು. ಇಲ್ಲಿ ಇಂಗ್ಲಿಷರು ದೇಸಾಯರ ಸೆರೆಯಾಳಾಗಿದ್ದರು, ದೇಸಾಯರ ಮನೆತನದ ಹೆಂಗಸರು ಇಂಗ್ಲಿಷರ ಸೆರೆಯಾಳಾಗಿದ್ದರು. ಅದಕ್ಕೂ ನಲವತ್ತು ವರ್ಷ ಮೊದಲು ಇದೇ ಸಂಸ್ಥಾನದ ದೊರೆ ಟಿಪ್ಪುವಿನ ಸೆರೆಯಲ್ಲಿದ್ದ, ಆಮೇಲೆ ಪೇಶ್ವೆಯ ಸೆರೆಯಲ್ಲಿದ್ದ. ನಾಲ್ಕು ಪ್ರಭುತ್ವಗಳು, ನಾಲ್ಕು ಸೆರೆಗಳು. ಇವುಗಳಲ್ಲಿ ಯಾವುದನ್ನು ನಾವು ನೆನೆಯುತ್ತೇವೆ, ಯಾವುದನ್ನು ಮರೆಯುತ್ತೇವೆ ಎಂಬುದರಲ್ಲೇ ನಮ್ಮ ಇಂದಿನ ರಾಜಕಾರಣವೂ ಅಡಗಿದೆ.

ಮೊದಲು ಇಂಗ್ಲಿಷ್ ಸೆರೆಯಾಳುಗಳ ವಿಷಯ. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ದತ್ತಕವನ್ನು ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಒಪ್ಪಲಿಲ್ಲ. ಕಿತ್ತೂರಿಗೆ ಬಂದು ಖಜಾನೆಗೆ ಮುದ್ರೆ ಹಾಕಿಸಿ ಕಾವಲು ಕೂರಿಸಿದ. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆದು ಕಿತ್ತೂರಿನ ಜನ ಮುಗಿಬಿದ್ದಾಗ ಥ್ಯಾಕರೆಯೂ ಅವನ ಜೊತೆಗಿದ್ದ ಸೇನಾಧಿಕಾರಿಗಳೂ ಸತ್ತರು. ಅವನ ಸಹಾಯಕರಾದ ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್ ಇಬ್ಬರೂ ಸೆರೆಸಿಕ್ಕರು. ಎಲಿಯಟ್‌ಗೆ ಆಗ ಇಪ್ಪತ್ತೊಂದರ ಪ್ರಾಯ. ಡಿಸೆಂಬರ್ ಆರಂಭದವರೆಗೆ, ಅಂದರೆ ಸುಮಾರು ನಲವತ್ತು ದಿನ, ಇಬ್ಬರೂ ಕಿತ್ತೂರಿನವರ ವಶದಲ್ಲಿದ್ದರು.

ಈ ನಲವತ್ತು ದಿನಗಳ ಬಗ್ಗೆ ಎರಡು ಬಗೆಯ ಬರಹಗಳಿವೆ. ರಾಣಿ ಅವರನ್ನು ಅತಿಥಿಗಳಂತೆ ಸೌಜನ್ಯದಿಂದ ನೋಡಿಕೊಂಡಳು ಎಂದು ಕನ್ನಡದ ಪುಸ್ತಕಗಳು ಹೇಳುತ್ತವೆ. ಎಲಿಯಟ್‌ನ ಇಂಗ್ಲಿಷ್ ಜೀವನಚರಿತ್ರೆಗಳಲ್ಲಿ ಬರುವುದು ಒಂದೇ ಸಾಲಿನ ಮಾತು. ದಂಗೆಕೋರರ ಕೈಯಲ್ಲಿ ಹಲವು ವಾರ ಜೀವಕ್ಕೆ ದೊಡ್ಡ ಅಪಾಯವಿದ್ದ ಸ್ಥಿತಿಯಲ್ಲಿ ಸಿಕ್ಕಿಬಿದ್ದಿದ್ದ ಎಂದು. ಒಂದು ನಿಜವಾದರೆ ಇನ್ನೊಂದು ಸುಳ್ಳಾಗಲೇಬೇಕು ಎಂದು ನಾವು ಭಾವಿಸಬೇಕಾಗಿಲ್ಲ. ಹೊತ್ತು ಹೊತ್ತಿಗೆ ಊಟ ಸಿಗುತ್ತಿದ್ದರೂ, ನಾಳೆ ಕೋಟೆಯ ಮೇಲೆ ತೋಪು ಹಾರಿದರೆ ಮೊದಲು ಹೋಗುವುದು ತನ್ನ ತಲೆ ಎಂದು ಗೊತ್ತಿರುವ ಹುಡುಗನಿಗೆ ಅದು ಅಪಾಯವೇ. ಒತ್ತೆಯಾಳಿನ ಬೆಲೆ ಇರುವುದೇ ಆ ಅಪಾಯದಲ್ಲಿ. ಆದರೆ ಒಂದು ಸಂಗತಿಯನ್ನು ಎರಡೂ ಕಡೆಯವರು ಅಲ್ಲಗಳೆಯುವುದಿಲ್ಲ. ಇಬ್ಬರೂ ಜೀವಂತವಾಗಿ ಹೊರಗೆ ಬಂದರು, ಮತ್ತೆ ಕೆಲಸಕ್ಕೆ ಸೇರಿದರು. ಎಲಿಯಟ್ ಮುಂದೆ ಮದರಾಸು ಸರ್ಕಾರದಲ್ಲಿ ದೊಡ್ಡ ಹುದ್ದೆಗೇರಿ, ಸರ್ ಪದವಿ ಪಡೆದು, 1887ರಲ್ಲಿ ತೀರಿಕೊಂಡ.

ಸೋಜಿಗವೆಂದರೆ, ಇದೇ ಎಲಿಯಟ್ ಕನ್ನಡ ನಾಡಿನ ಶಾಸನಗಳನ್ನು ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಸಂಗ್ರಹಿಸಿದವನು. ಧಾರವಾಡ ಸೀಮೆಯ ಊರೂರಿನ ಗುಡಿ, ಬಾವಿ, ಹೊಲದ ಬದುಗಳಲ್ಲಿ ಬಿದ್ದಿದ್ದ ಕಲ್ಲುಗಳನ್ನು ನಕಲು ಮಾಡಿಸಿ, ಚಾಲುಕ್ಯರ ಕಾಲಾನುಕ್ರಮಣಿಕೆಗೆ ತಳಪಾಯ ಹಾಕಿದ. ತನ್ನನ್ನು ಕೂಡಿಹಾಕಿದ್ದ ನೆಲದ ದಾಖಲೆಗಳನ್ನೇ ಅವನು ಕೂಡಿಹಾಕಿದ ಎಂದು ಬೇಕಾದರೆ ಹೇಳಬಹುದು. ನಮಗೆ ಮುಖ್ಯವಾಗುವುದು ಬೇರೆ. ಎಲಿಯಟ್ ಸೆರೆಯಲ್ಲಿ ಸತ್ತಿದ್ದರೆ ಕನ್ನಡದ ಚರಿತ್ರೆ ಬರವಣಿಗೆ ಎಷ್ಟೋ ವರ್ಷ ತಡವಾಗುತ್ತಿತ್ತು ಎಂದು ನಾವು ಸುಲಭವಾಗಿ ಅಳೆಯುತ್ತೇವೆ. ಬೈಲಹೊಂಗಲದಲ್ಲಿ ಸತ್ತ ಸೆರೆಯಾಳಿನ ಜೊತೆ ಏನು ಹೋಯಿತು ಎಂದು ಅಳೆಯಲು ನಮ್ಮಲ್ಲಿ ಯಾವ ಅಳತೆಗೋಲೂ ಇಲ್ಲ.

ಸೆರೆಯಾಳುಗಳ ಬಿಡುಗಡೆಯ ಕತೆಗೂ ಎರಡು ಮುಖಗಳಿವೆ. ದಖ್ಖನದ ಕಮಿಷನರ್ ಚಾಪ್ಲಿನ್ ದೊಡ್ಡ ಸೇನೆಯೊಂದಿಗೆ ಬಂದು ನಿಂತ. ಇಬ್ಬರನ್ನು ಬಿಟ್ಟು ಶರಣಾದರೆ ಕ್ಷಮೆ ಎಂಬ ಮಾತು ಹೊರಟಿತು. ಕಿತ್ತೂರಿನವರು ಬಿಟ್ಟರು. ಅದರ ಬೆನ್ನಿಗೇ ತೋಪುಗಳು ಗರ್ಜಿಸಿ, ಡಿಸೆಂಬರ್ 5ರ ಹೊತ್ತಿಗೆ ಕೋಟೆ ಬಿತ್ತು. ಇದು ವಚನಭಂಗ ಎಂದು ಕನ್ನಡದ ಪರಂಪರೆ ಹೇಳುತ್ತದೆ. ಕೊಟ್ಟ ಗಡುವಿನೊಳಗೆ ಕೋಟೆಯನ್ನು ಒಪ್ಪಿಸಲಿಲ್ಲ, ಆದ್ದರಿಂದ ಮಾತಿಗೆ ಕಟ್ಟುಬೀಳಬೇಕಾಗಿರಲಿಲ್ಲ ಎಂದು ಇಂಗ್ಲಿಷ್ ಬರಹ ಹೇಳುತ್ತದೆ. ಗಡುವು, ಷರತ್ತು, ತಾರೀಖು ಇವೆಲ್ಲ ಬರೆದವನ ಕೈಯಲ್ಲೇ ಇರುತ್ತವೆ ಎಂಬುದನ್ನು ಇಲ್ಲಿ ಗಮನಿಸಬೇಕು. ಬಿಟ್ಟವರ ಬಳಿ ಕಾಗದವಿಲ್ಲ. ಅವರ ಬಳಿ ಇರುವುದು ಕೇಳಿಸಿಕೊಂಡ ಮಾತು.

ಇನ್ನು ಚೆನ್ನಮ್ಮನ ಸೆರೆ. ಮನೆತನದ ಹೆಂಗಸರನ್ನು 1824ರ ಡಿಸೆಂಬರಿನಲ್ಲಿ ಬೈಲಹೊಂಗಲಕ್ಕೆ ಒಯ್ದರು. 1829ರ ಫೆಬ್ರವರಿಯಲ್ಲಿ ಚೆನ್ನಮ್ಮ ಅಲ್ಲೇ ತೀರಿಕೊಂಡಳು. ಯುದ್ಧ ನಡೆದದ್ದು ಬಿಡಿ ಬಿಡಿಯಾಗಿ ಲೆಕ್ಕ ಹಾಕಿದರೆ ನಾಲ್ಕೈದು ದಿನ. ಸೆರೆ ನಡೆದದ್ದು ನಾಲ್ಕು ವರ್ಷಕ್ಕೂ ಮೇಲೆ. ಆಕೆಯ ಬದುಕಿನ ಕೊನೆಯ ಭಾಗದ ಬಹುಪಾಲು ಈ ಊರಿನ ನಾಲ್ಕು ಗೋಡೆಗಳ ನಡುವೆಯೇ ಕಳೆದಿದೆ. ಆದರೂ ನಮ್ಮ ಹೆಚ್ಚಿನ ನಾಟಕಗಳಲ್ಲಿ ಅದು ಕೊನೆಯ ಒಂದು ದೃಶ್ಯ. ಬಿಳಿ ಸೀರೆ, ಲಿಂಗಪೂಜೆ, ಕಿಟಕಿಯಿಂದ ಬೀಳುವ ಬೆಳಕು, ಪರದೆ. 1961ರಲ್ಲಿ ಪಂತುಲು ಅವರ ಸಿನಿಮಾ ಬಂದಮೇಲಂತೂ ನಮ್ಮ ಮನಸ್ಸಿನಲ್ಲಿ ಚೆನ್ನಮ್ಮ ಎಂದರೆ ಸಿಡಿದು ಮಾತಾಡುವ ರಾಣಿಯೇ. ಸುಮ್ಮನೆ ಕೂತ ರಾಣಿಯನ್ನು ಏನು ಮಾಡಬೇಕೆಂದು ರಂಗಭೂಮಿಗೆ ತಿಳಿದಂತಿಲ್ಲ. ಜನರ ಕಲ್ಪನೆ ಆ ಖಾಲಿಯನ್ನು ತನ್ನದೇ ರೀತಿಯಲ್ಲಿ ತುಂಬಿದೆ. ರಾಯಣ್ಣ ವೇಷ ಮರೆಸಿಕೊಂಡು ಬಂದು ಆಕೆಯನ್ನು ಕಂಡು ಹೋಗುತ್ತಿದ್ದ ಎಂಬ ಕತೆ ಹುಟ್ಟಿದ್ದು ಹೀಗೆ ಇರಬೇಕು.

ಸರ್ಕಾರದ ದಫ್ತರದಲ್ಲಿ ಈ ಬಗೆಯ ಸೆರೆಗೆ ಸೆರೆ ಎಂಬ ಹೆಸರು ಕೂಡ ಅಪರೂಪ. ರಾಜಮನೆತನದವರನ್ನು ಕೂಡಿಹಾಕಿದಾಗ ಕಂಪನಿ ಸರ್ಕಾರ ಬಳಸುತ್ತಿದ್ದ ಶಬ್ದಗಳು ಬೇರೆ: ವಾಸ್ತವ್ಯ, ಭತ್ಯೆ, ಪಿಂಚಣಿ, ರಕ್ಷಣೆ. ಕಾವಲುಗಾರ ರಕ್ಷಕನಾಗುತ್ತಾನೆ, ಸೆರೆಮನೆ ವಾಡೆಯಾಗುತ್ತದೆ, ಕೂಡಿಹಾಕಿದ್ದಕ್ಕೆ ತಗಲುವ ಖರ್ಚು ಔದಾರ್ಯವಾಗುತ್ತದೆ. ಶ್ರೀರಂಗಪಟ್ಟಣ ಬಿದ್ದಮೇಲೆ ಟಿಪ್ಪುವಿನ ಮಕ್ಕಳನ್ನು ವೆಲ್ಲೂರಿನ ಕೋಟೆಗೆ, 1806ರ ಸಿಪಾಯಿ ದಂಗೆಯ ನಂತರ ಅಲ್ಲಿಂದ ಕಲ್ಕತ್ತೆಗೆ ಸಾಗಿಸಿದಾಗಲೂ ಇದೇ ಪದಕೋಶ. ಇಂಥ ಕಾಗದಗಳನ್ನು ಓದುವಾಗ ನಾಮಪದಗಳನ್ನು ಬಿಟ್ಟು ಕ್ರಿಯಾಪದಗಳನ್ನು ಹಿಡಿಯಬೇಕು. ಹೊರಗೆ ಹೋಗಲು ಯಾರ ಅಪ್ಪಣೆ ಬೇಕು? ಪತ್ರವನ್ನು ಮೊದಲು ಯಾರು ಒಡೆಯುತ್ತಾರೆ? ನೋಡಲು ಬಂದವನ ಹೆಸರನ್ನು ಯಾರು ಬರೆದುಕೊಳ್ಳುತ್ತಾರೆ? ಉತ್ತರಗಳು ಒಂದೇ ಕಡೆಗೆ ಬೊಟ್ಟು ಮಾಡಿದರೆ ಅದು ಸೆರೆ, ಭತ್ಯೆ ಎಷ್ಟೇ ಇರಲಿ.

ರಾಯಣ್ಣನದು ಇನ್ನೊಂದು ಬಗೆ. ಅವನು ದೊರೆಮನೆಯವನಲ್ಲ. ಸಂಗೊಳ್ಳಿಯ ಶೇತ್‌ಸನದಿ, ಊರ ಕಾವಲಿನ ಕೆಲಸದವನು. 1824ರ ಯುದ್ಧದಲ್ಲಿ ಸಿಕ್ಕಿಬಿದ್ದು ಕ್ಷಮೆಯಲ್ಲಿ ಬಿಡುಗಡೆಯಾಗಿದ್ದ. ಚೆನ್ನಮ್ಮ ತೀರಿಕೊಂಡ ವರ್ಷದ ಕೊನೆಗೆ ಅವನ ಬಂಡಾಯ ಹೊತ್ತಿಕೊಂಡಿತು. 1830ರ ಜನವರಿಯಲ್ಲಿ ಅವನ ಜನ ಬೀಡಿಯ ಕಚೇರಿಯನ್ನು ಸುಟ್ಟರು, ಸಂಪಗಾವದ ಮಾಮಲೇದಾರ ಕಚೇರಿಗೂ ಬೆಂಕಿಯಿಟ್ಟರು. ಕಚೇರಿಯನ್ನೇ ಏಕೆ ಸುಟ್ಟರು? ಇನಾಮು ಜಮೀನುಗಳನ್ನು ಕಿತ್ತುಕೊಂಡದ್ದು, ಕಂದಾಯ ಏರಿಸಿದ್ದು, ಕುಲಕರ್ಣಿಯ ಲೆಕ್ಕಕ್ಕೆ ರೈತ ತಲೆಬಾಗಬೇಕಾದದ್ದು, ಎಲ್ಲವೂ ಆ ದಫ್ತರದಲ್ಲಿತ್ತು. ತನ್ನನ್ನು ಬರೆದುಕೊಂಡಿರುವ ಕಾಗದವೇ ತನ್ನ ಶತ್ರು ಎಂದು ಓದುಬರಹ ಬಾರದವನಿಗೆ ಓದುಬರಹ ಬಲ್ಲವರಿಗಿಂತ ಚೆನ್ನಾಗಿ ತಿಳಿದಿರುತ್ತದೆ. ಕಿತ್ತೂರಿನ ಇತಿಹಾಸಕಾರರು ಸುಟ್ಟುಹೋದ ದಾಖಲೆಗಳಿಗಾಗಿ ಮರುಗುವುದು ಸಹಜ. ಆದರೆ ರಾಯಣ್ಣ ಸುಟ್ಟದ್ದು ಚರಿತ್ರೆಯನ್ನಲ್ಲ, ಬಾಕಿಯ ಪಟ್ಟಿಯನ್ನು.

1830ರ ಏಪ್ರಿಲಿನಲ್ಲಿ ಅವನು ಸಿಕ್ಕಿಬಿದ್ದ. ಹಳ್ಳದಲ್ಲಿ ಮೀಯುತ್ತಿದ್ದಾಗ ಹಿಡಿದರು ಎಂಬುದು, ಖೋದಾನಪುರ ಮತ್ತು ನೇಗಿನಹಾಳದ ಗೌಡರ ಹೆಸರುಗಳು ಈ ಸೀಮೆಯ ಮಕ್ಕಳಿಗೂ ಬಾಯಿಪಾಠ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಸಂಗಡಿಗರಲ್ಲಿ ಕೆಲವರಿಗೂ ಗಲ್ಲಾಯಿತು, ಇನ್ನು ಕೆಲವರಿಗೆ ಜೀವಾವಧಿ ಗಡೀಪಾರು. ಹಿಡಿದದ್ದಕ್ಕೂ ಗಲ್ಲಿಗೂ ನಡುವೆ ಒಂಬತ್ತು ತಿಂಗಳು. ಈ ಒಂಬತ್ತು ತಿಂಗಳೇ ವಿಚಾರಣೆಯ ಕಾಲ. ರಾಜಧಾನಿಯ ರೈಲು ನಿಲ್ದಾಣಕ್ಕೇ ಅವನ ಹೆಸರಿಟ್ಟಿದ್ದೇವೆ, 2012ರಲ್ಲಿ ಕೋಟ್ಯಂತರ ಖರ್ಚಿನ ಸಿನಿಮಾ ಬಂತು. ಆದರೆ ಈ ಒಂಬತ್ತು ತಿಂಗಳು ಅವನನ್ನು ಏನು ಕೇಳಿದರು, ಅವನು ಏನು ಹೇಳಿದ ಎಂಬುದು ನಮ್ಮ ಸಾರ್ವಜನಿಕ ನೆನಪಿನಲ್ಲಿ ಇಲ್ಲವೇ ಇಲ್ಲ.

ಇಂಥ ವಿಚಾರಣೆಯ ಕಾಗದಕ್ಕೆ ಅಂದಿನ ಕಚೇರಿಯ ಮಾತಿನಲ್ಲಿ ಜಬಾನಿ ಎನ್ನುತ್ತಿದ್ದರು. ಜಬಾನ್ ಎಂದರೆ ನಾಲಗೆ. ನಾಲಗೆಯಿಂದ ಬಂದದ್ದು ಎಂದು ಹೆಸರು. ಆದರೆ ಕಾಗದಕ್ಕೆ ಇಳಿಯುವ ಹೊತ್ತಿಗೆ ಅದು ಎಷ್ಟು ನಾಲಗೆಗಳನ್ನು ದಾಟಿರುತ್ತಿತ್ತು ನೋಡಿ. ಸೆರೆಯಾಳು ಹೇಳುವುದು ಬೈಲಹೊಂಗಲ ಸೀಮೆಯ ಕನ್ನಡದಲ್ಲಿ. ಅಂದಿನ ದಕ್ಷಿಣ ಮರಾಠಾ ಸೀಮೆಯ ಕಚೇರಿಯಲ್ಲಿ ಬರಹವೆಲ್ಲ ಮರಾಠಿ, ಅದೂ ಮೋಡಿ ಲಿಪಿ. ಕಾರಕೂನ ಕೇಳಿಸಿಕೊಂಡು ಮರಾಠಿಯಲ್ಲಿ ಇಳಿಸುತ್ತಾನೆ. ಸಾಹೇಬನಿಗಾಗಿ ಅದು ಇಂಗ್ಲಿಷಿಗೆ ಹೋಗುತ್ತದೆ. ಇಂಗ್ಲಿಷಿನಲ್ಲಿ ಮುಂಬಯಿಗೆ, ಅಲ್ಲಿಂದ ಲಂಡನ್ನಿಗೆ. ನೂರೈವತ್ತು ವರ್ಷದ ಮೇಲೆ ನಮ್ಮ ವಿದ್ವಾಂಸರು ಆ ಇಂಗ್ಲಿಷಿನಿಂದ ಅದನ್ನು ಮತ್ತೆ ಕನ್ನಡಕ್ಕೆ ತರುತ್ತಾರೆ. ನಾವು ಅದನ್ನು ಓದಿ ಇದು ಸೆರೆಯಾಳಿನ ಮಾತು ಎಂದು ಉದ್ಗರಿಸುತ್ತೇವೆ.

ಭಾಷೆಗಿಂತ ದೊಡ್ಡ ತೊಡಕು ಪ್ರಶ್ನೆಯದು. ಬಂಡಾಯಗಾರನನ್ನು ಹಿಡಿದ ಸರ್ಕಾರಕ್ಕೆ ಅವನ ಮನಸ್ಸು ಬೇಕಾಗಿಲ್ಲ, ಹೆಸರುಗಳು ಬೇಕು. ಯಾರು ಅನ್ನ ಹಾಕಿದರು, ಯಾರು ಮದ್ದುಗುಂಡು ಕೊಟ್ಟರು, ಹಿಂದೆ ನಿಂತ ದೊಡ್ಡವರು ಯಾರು. ರಾಯಣ್ಣನ ಪ್ರಕರಣದಲ್ಲಿ ಈ ಮೂರನೆಯ ಪ್ರಶ್ನೆಗೆ ಎಷ್ಟು ತೂಕವಿತ್ತೆಂದರೆ, ಬಂಡಾಯದ ನೆಪದಲ್ಲಿ ದತ್ತಕ ಪುತ್ರ ಶಿವಲಿಂಗಪ್ಪನನ್ನೂ ಸೆರೆಗೆ ತಳ್ಳಲಾಯಿತು. ಆದ್ದರಿಂದ ಇಂಥ ದಾಖಲೆಯಲ್ಲಿ ನಾವು ಕಾಣುವುದು ಸೆರೆಯಾಳಿನ ಚಿತ್ರವನ್ನಲ್ಲ, ಕೇಳುವವನ ಭಯದ ಚಿತ್ರವನ್ನು. ಸರ್ಕಾರಕ್ಕೆ ಯಾವುದರ ಹೆದರಿಕೆ ಇತ್ತೋ ಅದರ ಬಗ್ಗೆ ಪುಟಗಟ್ಟಲೆ ಉತ್ತರವಿರುತ್ತದೆ. ಯಾವುದರ ಹೆದರಿಕೆ ಇರಲಿಲ್ಲವೋ ಅದು ಕಾಣುವುದೇ ಇಲ್ಲ. ಹೊಲ ಹೋದವನ ಸಂಕಟ ಯಾವ ಪ್ರಶ್ನೆಗೂ ಉತ್ತರವಲ್ಲ.

ಇಷ್ಟು ಹೇಳಿದಮೇಲೆ, ಹಾಗಾದರೆ ಲಾವಣಿಯನ್ನು ನಂಬೋಣ ಎಂದು ನಮ್ಮ ಜಾನಪದ ಪ್ರೇಮಿಗಳು ಎದ್ದುನಿಲ್ಲುತ್ತಾರೆ. ಲಾವಣಿ ನಿಜಕ್ಕೂ ದೊಡ್ಡ ಆಸರೆ. ರಾಯಣ್ಣನ ಲಾವಣಿಯನ್ನೂ ಹಲಗಲಿ ಬೇಡರ ಲಾವಣಿಯನ್ನೂ 1880ರ ದಶಕದಲ್ಲಿ ಮೊದಲು ಅಚ್ಚು ಹಾಕಿಸಿದವನು ಫ್ಲೀಟ್, ಅವನೂ ಸರ್ಕಾರದ ಅಧಿಕಾರಿಯೇ. ಸರ್ಕಾರ ಗಲ್ಲಿಗೇರಿಸಿದವನನ್ನು ಹಾಡುವ ಹಾಡನ್ನು ಸರ್ಕಾರದ ಸಂಬಳ ಉಣ್ಣುವವನು ಬರೆದುಕೊಂಡ. ಆದರೆ ಲಾವಣಿಗೂ ಒಂದು ಮಿತಿಯಿದೆ. ಅದಕ್ಕೆ ಚಲನೆ ಬೇಕು. ಓಟ, ಕಾದಾಟ, ಮೋಸ, ಮರಣ ಇವುಗಳಲ್ಲಿ ಅದು ರಂಗೇರುತ್ತದೆ. ಸಂಕೋಲೆ ಹಾಕಿ ಕೂಡಿಸಿದಮೇಲೆ ಹಾಡುಗಾರನ ಡಪ್ಪು ತಣ್ಣಗಾಗುತ್ತದೆ. ಸೆರೆಮನೆಯ ಒಳಗಿನದು ಸರ್ಕಾರದ ಕಾಗದದಲ್ಲಿ ಸರ್ಕಾರಕ್ಕೆ ಬೇಕಾದಂತೆ ಉಳಿದಿದೆ, ಜನರ ಹಾಡಿನಲ್ಲಿ ಉಳಿದೇ ಇಲ್ಲ. ಸದಾಶಿವ ಒಡೆಯರ ಅವರು ಚೆನ್ನಮ್ಮನ ಬಗ್ಗೆ ಬರೆಯುವಾಗ ಕಂಪನಿಯ ಪತ್ರವ್ಯವಹಾರವನ್ನೂ ಜನರ ಹೇಳಿಕೆಗಳನ್ನೂ ಎದುರುಬದುರು ಇಟ್ಟು ನೋಡಿದ್ದರಿಂದಲೇ ಅವರ ಕೆಲಸಕ್ಕೆ ಬೆಲೆ ಬಂದದ್ದು.

ಒಂಬತ್ತು ತಿಂಗಳೂ ಸಿಗದವರಿದ್ದಾರೆ. ರಾಮದುರ್ಗ ತಾಲ್ಲೂಕಿನ ಸುರೇಬಾನದಲ್ಲಿ 1858ರ ಮೇ 29ರ ರಾತ್ರಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದ ನರಗುಂದದ ಬಾಬಾಸಾಹೇಬ ಕೆಲವೇ ದಿನಗಳಲ್ಲಿ ತೋರಗಲ್ಲಿನ ಕಾಡಿನಲ್ಲಿ ಸಿಕ್ಕಿಬಿದ್ದ. ಜೂನ್ 12ಕ್ಕೆ ಬೆಳಗಾವಿಯಲ್ಲಿ ಗಲ್ಲು. ಕೊಲೆಯಿಂದ ಗಲ್ಲಿಗೆ ಎರಡು ವಾರ. ಅಷ್ಟರಲ್ಲೇ ಸೆರೆ, ವಿಚಾರಣೆ, ತೀರ್ಪು. ಅದಕ್ಕೂ ಆರು ತಿಂಗಳ ಹಿಂದೆ ಹಲಗಲಿಯ ಬೇಡರಲ್ಲಿ ಹತ್ತೊಂಬತ್ತು ಜನರಿಗೆ ಆದದ್ದೂ ಹೀಗೆಯೇ. ಸರ್ಕಾರಕ್ಕೆ ಅವಸರವಿದ್ದಾಗ ದಾಖಲೆ ತೆಳ್ಳಗಾಗುತ್ತದೆ.

ಇಲ್ಲಿಯವರೆಗಿನ ಮಾತು ನಮ್ಮ ಓದುಗರಿಗೆ ರುಚಿಸಬಹುದು. ಮುಂದಿನದು ಕೆಲವರಿಗೆ ರುಚಿಸಲಾರದು. ಕಿತ್ತೂರಿನ ಮಲ್ಲಸರ್ಜನನ್ನು 1785ರಲ್ಲಿ ಸೆರೆಹಿಡಿದು ಕಬ್ಬಾಳದುರ್ಗದಲ್ಲಿ ಇಟ್ಟದ್ದು ಟಿಪ್ಪು ಸುಲ್ತಾನ್. ಅದೇ ವರ್ಷ ನರಗುಂದದ ವೆಂಕಟರಾಯನನ್ನೂ ಹಿಡಿದು ಅದೇ ದುರ್ಗಕ್ಕೆ ಒಯ್ದರು. ನೀರು, ಹವೆಗಳಿಂದಲೇ ಮನುಷ್ಯರನ್ನು ಸೊರಗಿಸುವ ದುರ್ಗ ಎಂದು ಅದಕ್ಕೆ ಅಪಕೀರ್ತಿಯಿತ್ತು. ಮಲ್ಲಸರ್ಜ ಹೇಗೋ ತಪ್ಪಿಸಿಕೊಂಡು ಬಂದ. ಟಿಪ್ಪುವಿನ ವಿಷಯ ಬಂದಾಗ ನಮ್ಮ ಬರಹಗಾರರು ರೇಷ್ಮೆ, ರಾಕೆಟ್ಟು, ಶೃಂಗೇರಿಗೆ ಬರೆದ ಪತ್ರಗಳವರೆಗೆ ಹೋಗುತ್ತಾರೆ, ಕಬ್ಬಾಳದುರ್ಗದ ಬುಡಕ್ಕೆ ಬಂದಾಗ ದಾರಿ ಬದಲಿಸುತ್ತಾರೆ. ಅದು ಆ ಕಾಲದ ರಾಜನೀತಿ ಎಂಬ ಸಮಾಧಾನ ಸಿದ್ಧವಾಗಿರುತ್ತದೆ. ಆ ಸಮಾಧಾನ ಚಾಪ್ಲಿನ್‌ಗೂ ಸಲ್ಲಬೇಕಾಗುತ್ತದೆ ಎಂದು ಯಾರೂ ಯೋಚಿಸುವುದಿಲ್ಲ.

ಟಿಪ್ಪುವಿನ ಸೆರೆಮನೆಗಳ ಬಗ್ಗೆ ಇರುವ ಬರಹವನ್ನೂ ಇದೇ ಎಚ್ಚರದಿಂದ ಓದಬೇಕು ಎಂಬುದು ಬೇರೆ ಮಾತು. ಶ್ರೀರಂಗಪಟ್ಟಣದ ದಫ್ತರ 1799ರಲ್ಲಿ ಗೆದ್ದವರ ಪಾಲಾಯಿತು. ಸುಲ್ತಾನನ ಪತ್ರಗಳಲ್ಲಿ ಆಯ್ದವನ್ನು ಕರ್ಕ್‌ಪ್ಯಾಟ್ರಿಕ್ ಇಂಗ್ಲಿಷಿಗೆ ತಂದು 1811ರಲ್ಲಿ ಪ್ರಕಟಿಸಿದ. ನರಗುಂದದ ಮುತ್ತಿಗೆಯ ಕಾಲದಲ್ಲಿ ಬುರ್ಹಾನುದ್ದೀನನಿಗೆ ಬರೆದ ಪತ್ರಗಳೂ ಅದರಲ್ಲಿವೆ. ಆಯ್ದವನು ಶತ್ರು, ಅನುವಾದಿಸಿದವನು ಶತ್ರು, ಪ್ರತಿ ಪತ್ರದ ಕೆಳಗೆ ಕಹಿ ಟಿಪ್ಪಣಿ ಬರೆದವನೂ ಅವನೇ. ಸೆರೆಯಿಂದ ಪಾರಾಗಿ ಹೋದ ಇಂಗ್ಲಿಷ್ ಸಿಪಾಯಿಗಳು ಬರೆದ ಕತೆಗಳು ಲಂಡನ್ನಿನಲ್ಲಿ ಬಿಸಿಬಿಸಿಯಾಗಿ ಮಾರಾಟವಾಗಿ ಮುಂದಿನ ಯುದ್ಧಕ್ಕೆ ಒಲೆ ಹಚ್ಚಿದವು. ಇದೆಲ್ಲ ನಿಜ. ಆದರೆ ಟಿಪ್ಪಣಿ ಕಹಿಯಾಗಿದ್ದ ಮಾತ್ರಕ್ಕೆ ದುರ್ಗ ಸುಳ್ಳಾಗುವುದಿಲ್ಲ. ಇದೇ ಮಲ್ಲಸರ್ಜನನ್ನು ಮುಂದೆ ಪೇಶ್ವೆ ಎರಡನೆಯ ಬಾಜೀರಾಯ ಪುಣೆಗೆ ಒಯ್ದು ಕೂಡಿಹಾಕಿದ. ಮೈ ಪೂರ್ತಿ ಕೆಟ್ಟಮೇಲೆ ಬಿಟ್ಟ. 1816ರಲ್ಲಿ ಮಲ್ಲಸರ್ಜ ತೀರಿಕೊಂಡ. ಟಿಪ್ಪುವಿನ ಸೆರೆಯನ್ನು ಬೀದಿ ಬೀದಿಯಲ್ಲಿ ಸಾರುವವರು ಪೇಶ್ವೆಯ ಸೆರೆಯ ಬಗ್ಗೆ ತುಟಿ ಬಿಚ್ಚುವುದಿಲ್ಲ. ಪೇಶ್ವೆಯ ಸೆರೆಯನ್ನು ಎತ್ತಿ ಆಡುವ ನಮ್ಮವರು ಕಬ್ಬಾಳದುರ್ಗ ಬಂದಾಗ ಕೆಮ್ಮುತ್ತಾರೆ. ಒಬ್ಬನೇ ಮನುಷ್ಯ ಎರಡು ಸೆರೆಗಳಲ್ಲಿ ಕೊಳೆತ. ಅವನನ್ನು ನಾವು ಅರ್ಧರ್ಧ ಹಂಚಿಕೊಂಡಿದ್ದೇವೆ.

ಕುರ್‌ಆನಿನ ಅದ್ದಹ್ರ್ ಸೂರಃದಲ್ಲಿ ಬಡವ, ಅನಾಥರ ಜೊತೆಗೆ ಸೆರೆಯಾಳಿಗೂ ಉಣಬಡಿಸುವವರ ಪ್ರಶಂಸೆಯಿದೆ. ಆ ಸೆರೆಯಾಳು ಯಾವ ಪಂಗಡದವನು ಎಂದು ಅಲ್ಲಿ ಕೇಳಿಲ್ಲ. ಬದ್ರ್ ಯುದ್ಧದ ಸೆರೆಯಾಳುಗಳಲ್ಲಿ ಅಕ್ಷರ ಬಲ್ಲವರು ಮದೀನಾದ ಮಕ್ಕಳಿಗೆ ಬರಹ ಕಲಿಸಿ ಬಿಡುಗಡೆ ಪಡೆದರೆಂದು ಪ್ರವಾದಿ ಚರಿತ್ರೆಗಳು ಹೇಳುತ್ತವೆ. ಈ ಮಾತುಗಳನ್ನು ಮಿಂಬರಿನ ಮೇಲೆ ನಿಂತು ಅಭಿಮಾನದಿಂದ ಹೇಳುವ ನಾವು ಸುಲ್ತಾನನ ದುರ್ಗವನ್ನೂ ಅದೇ ತಕ್ಕಡಿಯಲ್ಲಿ ತೂಗಲು ಹಿಂಜರಿಯಬಾರದು.

ಹಿಂಸಿಸಿ ಬಾಯಿಬಿಡಿಸುವುದರ ಬಗ್ಗೆ ಸರ್ಕಾರವೇ ಬರೆದ ಒಂದು ದಾಖಲೆಯನ್ನು ಇಲ್ಲಿ ನೆನೆಯಬೇಕು. ಮದರಾಸು ಪ್ರಾಂತದ ಚಿತ್ರಹಿಂಸೆಯ ತನಿಖಾ ಆಯೋಗದ ವರದಿ 1855ರಲ್ಲಿ ಬಂತು. ಕಿತ್ತೂರು ಅಷ್ಟರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತ್ತಾದ್ದರಿಂದ ಅದರ ವ್ಯಾಪ್ತಿಗೆ ಬರಲಿಲ್ಲ. ಆದರೆ ಬಳ್ಳಾರಿ, ಕೆನರಾ ಜಿಲ್ಲೆಗಳು ಬಂದವು. ಕಂದಾಯ ವಸೂಲಿಗೂ ತಪ್ಪೊಪ್ಪಿಗೆಗೂ ಬೆರಳುಗಳನ್ನು ಕಿಟ್ಟಿಗೆ ಸಿಕ್ಕಿಸುವುದು, ಕತ್ತನ್ನು ಕಾಲಿಗೆ ಬಿಗಿದು ಬಗ್ಗಿಸಿ ನಿಲ್ಲಿಸುವುದು, ಸುಡುಬಿಸಿಲಲ್ಲಿ ನಿಲ್ಲಿಸುವುದು, ಎಲ್ಲವೂ ಅದರಲ್ಲಿ ದಾಖಲಾಗಿದೆ. ಕಿಟ್ಟಿ ಎಂಬ ಶಬ್ದ ನಮ್ಮ ನಿಘಂಟುಗಳಲ್ಲಿ ಇಂದಿಗೂ ಇದೆ, ಆ ಮರದ ತುಂಡುಗಳು ಯಾವ ವಸ್ತುಸಂಗ್ರಹಾಲಯದ ಮುಖ್ಯ ಗಾಜಿನ ಪೆಟ್ಟಿಗೆಯಲ್ಲೂ ಇಲ್ಲದಿದ್ದರೂ. ವರದಿಯ ಪ್ರಾಮಾಣಿಕತೆ ಅಲ್ಲಿಗೇ ನಿಂತಿತು. ಹಿಂಸಿಸಿದವರೆಲ್ಲ ಕೆಳಗಿನ ದೇಶೀ ನೌಕರರು, ಮೇಲಿನ ಸಾಹೇಬರಿಗೆ ಇದು ಒಪ್ಪಿಗೆಯಿರಲಿಲ್ಲ ಎಂದು ಅದು ತೀರ್ಮಾನಿಸಿತು. ಇರಾಕಿನ ಅಬೂ ಗರೀಬ್ ಸೆರೆಮನೆಯ ಫೋಟೋಗಳು 2004ರಲ್ಲಿ ಹೊರಬಿದ್ದಾಗಲೂ ಶಿಕ್ಷೆಯಾದದ್ದು ಬಹುಪಾಲು ಕೆಳದರ್ಜೆಯ ಸೈನಿಕರಿಗೆ. ಮಾಡಿದವನು ಸಿಗುತ್ತಾನೆ, ಮಾಡು ಎಂದವನು ಸಿಗುವುದಿಲ್ಲ.

ಆ ಕಾಲದ ಅನುಭವದಿಂದಲೇ, ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಸಾಕ್ಷ್ಯವಲ್ಲ ಎಂಬ ನಿಯಮ ಹುಟ್ಟಿ 1872ರ ಸಾಕ್ಷ್ಯ ಕಾಯಿದೆಯಲ್ಲಿ ನೆಲೆಗೊಂಡಿತು. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಕಾಯಿದೆಯಲ್ಲೂ ಉಳಿದಿದೆ. ತನ್ನ ಪೊಲೀಸರನ್ನು ತಾನೇ ನಂಬದ ಸರ್ಕಾರ ಬರೆದ ನಿಯಮ ಅದು. ಯುದ್ಧ, ಭಯೋತ್ಪಾದನೆ ಎಂಬ ಹೆಸರು ಬಂದಾಗಲೆಲ್ಲ ಮೊದಲು ಬಿಟ್ಟುಕೊಟ್ಟದ್ದೂ ಅದನ್ನೇ. 1987ರ ಟಾಡಾ, 2002ರ ಪೋಟಾ ಎರಡರಲ್ಲೂ ಹ���ರಿಯ ಪೊಲೀಸ್ ಅಧಿಕಾರಿಯ ಮುಂದಿನ ಹೇಳಿಕೆಗೆ ಸಾಕ್ಷ್ಯದ ಬೆಲೆ ಬಂತು. ಟಾಡಾ 1995ರಲ್ಲಿ ಮುಗಿಯಿತು, ಪೋಟಾ 2004ರಲ್ಲಿ ರದ್ದಾಯಿತು. ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಡಂಬಡಿಕೆಗೆ ಭಾರತ 1997ರಲ್ಲಿ ರುಜು ಹಾಕಿತು. ಅನುಮೋದನೆ ಇನ್ನೂ ಆಗಿಲ್ಲ.

ಭಯೋತ್ಪಾದನೆಯ ಮೇಲಿನ ಯುದ್ಧ ಎಂದು ಜಗತ್ತು ಹೆಸರಿಟ್ಟ ಕಾಲದಲ್ಲಿ ನಮ್ಮ ನಾಡಿನವರೊಬ್ಬರ ವಿಚಾರಣೆಯ ಕಾಗದ ಏನಾಯಿತು ಎಂಬುದನ್ನು ರಾಯಣ್ಣನ ಒಂಬತ್ತು ತಿಂಗಳ ಪಕ್ಕದಲ್ಲಿಟ್ಟು ನೋಡಬೇಕು. ಮೂಡಿಗೆರೆಯ ಡಾಕ್ಟರ್ ಮೊಹಮ್ಮದ್ ಹನೀಫ್ ಅವರನ್ನು 2007ರ ಜುಲೈ 2ರಂದು ಆಸ್ಟ್ರೇಲಿಯಾದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಹಿಡಿದರು. ಹನ್ನೆರಡು ದಿನ ಆರೋಪವನ್ನೇ ಹೊರಿಸದೆ ಇಟ್ಟುಕೊಂಡರು. ಒಂದೇ ಕಡೆಯ ಟಿಕೆಟ್ ಏಕೆ ಕೊಂಡೆ ಎಂಬುದಕ್ಕೆ ಅವರು ವಿವರಣೆ ಕೊಟ್ಟಿಲ್ಲ ಎಂದು ಪೊಲೀಸರು ನ್ಯಾಯಾಲಯಕ್ಕೆ ಪ್ರಮಾಣಪತ್ರ ಸಲ್ಲಿಸಿದರು. ಆಗ ಅವರ ವಕೀಲ ಸ್ಟೀಫನ್ ಕೀಮ್ ವಿಚಾರಣೆಯ ಲಿಖಿತ ಪ್ರತಿಯನ್ನೇ ಪತ್ರಿಕೆಯ ಕೈಗೆ ಕೊಟ್ಟರು. ಅದರಲ್ಲಿ ವಿವರಣೆ ಇತ್ತು. ಹೆಂಡತಿಯನ್ನೂ ಹೊಸದಾಗಿ ಹುಟ್ಟಿದ ಮಗಳನ್ನೂ ನೋಡಲು ಹೊರಟದ್ದೆಂದು ಅವರು ಹೇಳಿದ್ದರು, ಪೊಲೀಸರು ಕೇಳಿಸಿಕೊಂಡಿದ್ದರು, ಯಂತ್ರವೂ ಕೇಳಿಸಿಕೊಂಡಿತ್ತು. ಜುಲೈ 27ಕ್ಕೆ ಆರೋಪ ಬಿದ್ದುಹೋಯಿತು. ಹನೀಫ್ ಅವರ ಮೇಲೆ ಆರೋಪ ಹೊರಿಸಲು ಸಾಕಷ್ಟು ಆಧಾರವೇ ಇರಲಿಲ್ಲ ಎಂದು 2008ರಲ್ಲಿ ಸರ್ಕಾರವೇ ನೇಮಿಸಿದ ಕ್ಲಾರ್ಕ್ ವಿಚಾರಣೆ ಹೇಳಿತು. ಅವರನ್ನು ಉಳಿಸಿದ್ದು ಸರ್ಕಾರದ ದಾಖಲೆಯೇ. ಆದರೆ ಸಾರಾಂಶವಲ್ಲ, ಪೂರ್ತಿ ಪ್ರತಿ. ಬರೆದವನ ಪೆಟ್ಟಿಗೆಯಲ್ಲಿದ್ದದ್ದಲ್ಲ, ಹೊರಗೆ ಬಂದದ್ದು.

ಅಮೆರಿಕದಲ್ಲಿ ಇದರ ವಿರುದ್ಧ ದಿಕ್ಕಿನದೂ ನಡೆಯಿತು. ಸಿಐಎ ತನ್ನ ಗುಪ್ತ ಸೆರೆಮನೆಗಳಲ್ಲಿ ವಿಚಾರಣೆಯ ವಿಡಿಯೋ ತೆಗೆದಿತ್ತು. 92 ಟೇಪುಗಳನ್ನು 2005ರ ನವೆಂಬರಿನಲ್ಲಿ ಅದೇ ನಾಶಮಾಡಿತು. ಸೆನೆಟ್ ಸಮಿತಿ 2014ರ ಡಿಸೆಂಬರಿನಲ್ಲಿ ಹೊರಡಿಸಿದ ವರದಿಯ ಪ್ರಕಾರ 119 ಸೆರೆಯಾಳುಗಳಲ್ಲಿ ಕನಿಷ್ಠ 26 ಜನರನ್ನು ಹಿಡಿದದ್ದೇ ತಪ್ಪು. ಆರು ಸಾವಿರಕ್ಕೂ ಹೆಚ್ಚು ಪುಟಗಳ ಮೂಲ ವರದಿಯಲ್ಲಿ ಜನರ ಕೈಗೆ ಬಂದದ್ದು ಐನೂರು ಪುಟದ ಸಾರಾಂಶ ಮಾತ್ರ, ಅದರಲ್ಲೂ ಕಪ್ಪು ಬಳಿದ ಸಾಲುಗಳು ಬೇಕಾದಷ್ಟಿವೆ. ರಾಯಣ್ಣ ಸುಟ್ಟ ಕಚೇರಿಗೂ ಈ ಟೇಪುಗಳಿಗೂ ಹೋಲಿಕೆಯಿಲ್ಲ. ಅವನು ಸುಟ್ಟದ್ದು ತನ್ನ ಮೇಲಿದ್ದ ಅಧಿಕಾರದ ಕಾಗದವನ್ನು, ಇವರು ನಾಶಮಾಡಿದ್ದು ತಮ್ಮ ಅಧಿಕಾರ ಮಾಡಿದ್ದರ ಸಾಕ್ಷಿಯನ್ನು.

ಮತ್ತೆ ಬೈಲಹೊಂಗಲಕ್ಕೆ ಬಂದರೆ, ಅಲ್ಲಿ ಚೆನ್ನಮ್ಮನ ಸಮಾಧಿಯಿದೆ, ಸುತ್ತ ಉದ್ಯಾನವಿದೆ, ಉತ್ಸವದ ದಿನಗಳಲ್ಲಿ ಹೂಮಾಲೆಗಳು ಬೀಳುತ್ತವೆ. 2007ರಲ್ಲಿ ದೆಹಲಿಯ ಸಂಸತ್ ಭವನದ ಆವರಣದಲ್ಲಿ ಆಕೆಯ ಪ್ರತಿಮೆ ನಿಂತಿತು, ಕೈಯಲ್ಲಿ ಕತ್ತಿ. ಎಂ.ಎಂ. ಕಲಬುರ್ಗಿ ಅವರಂಥವರ ಶ್ರಮದಿಂದ ಕಿತ್ತೂರು ಸಂಸ್ಥಾನದ ಸಾಹಿತ್ಯ ಸಂಪುಟಗಳಾಗಿ ಬಂದಿದೆ. ಆದರೆ ಬೈಲಹೊಂಗಲದ ನಾಲ್ಕು ವರ್ಷಕ್ಕೂ ನಂದಗಡಕ್ಕೆ ಮುಂಚಿನ ಒಂಬತ್ತು ತಿಂಗಳಿಗೂ ಸೇರಿದ ಸರ್ಕಾರಿ ಕಾಗದಗಳನ್ನಷ್ಟೇ ಒಂದೆಡೆ ಇಟ್ಟು, ಮೋಡಿ ಮೂಲ, ಇಂಗ್ಲಿಷ್ ಅನುವಾದ, ಕನ್ನಡ ಮೂರನ್ನೂ ಅಕ್ಕಪಕ್ಕ ಅಚ್ಚು ಹಾಕಿದ ಪುಸ್ತಕ ಸಾಮಾನ್ಯ ಓದುಗನ ಕೈಗೆ ಸಿಗಬೇಕು. ಹಾಗೆ ಅಚ್ಚಾದರೆ ಕಾರಕೂನ ಎಲ್ಲಿ ಮಾತು ನುಂಗಿದ, ಸಾಹೇಬ ಎಲ್ಲಿ ಮಾತು ಸೇರಿಸಿದ ಎಂದು ನಮ್ಮ ಹುಡುಗರೇ ಕಂಡುಹಿಡಿಯಬಲ್ಲರು. ಬೆಳಗಾವಿ, ಧಾರವಾಡಗಳಲ್ಲಿ ಮೋಡಿ ಓದಬಲ್ಲ ಹಿರಿಯರು ಬೆರಳೆಣಿಕೆಯಷ್ಟು ಉಳಿದಿದ್ದಾರೆ. ಉತ್ಸವದ ಒಂದು ಸಂಜೆಯ ಪಟಾಕಿ, ಧ್ವನಿವರ್ಧಕಗಳ ಖರ್ಚಿನಲ್ಲಿ ಅಂಥ ಇಬ್ಬರನ್ನು ಒಂದು ವರ್ಷ ಕೂರಿಸಿ ಓದಿಸಬಹುದು.